ಮಗುವಿನ ಮೊದಲ ತುತ್ತು: ತೆಳ್ಳಗಿನ ಗಂಜಿಯ ಲೆಕ್ಕ ಒಮ್ಮೆ ಹಾಕಿ ನೋಡಿ

ಮಗುವಿಗೆ ಊಟ ಶುರು ಮಾಡುವ ಹೊತ್ತಿಗೆ ಎಲ್ಲ ಕಡೆಯಿಂದಲೂ ಬರುವ ಸಲಹೆ ಒಂದೇ: "ಚೆನ್ನಾಗಿ ತೆಳ್ಳಗೆ ಮಾಡಿ ಕೊಡು, ಜೀರ್ಣ ಆಗಬೇಕಲ್ಲ." ಕೇಳುವುದಕ್ಕೆ ಸರಿಯಾಗಿಯೇ ಇದೆ. ಲೆಕ್ಕ ಹಾಕಿದರೆ ಮಾತ್ರ ಸರಿ ಬರುವುದಿಲ್ಲ.

100 ಮಿ.ಲೀ. ನೀರಿಗೆ 10 ಗ್ರಾಂ ಹಿಟ್ಟು ಹಾಕಿ ಕಾಯಿಸಿದ ಗಂಜಿಯಲ್ಲಿ ಸುಮಾರು 35 ಕ್ಯಾಲೊರಿ ಇರುತ್ತದೆ. ಅಷ್ಟೇ ಎದೆಹಾಲಿನಲ್ಲಿ 65ರಿಂದ 70. ಅಂದರೆ ಮಗು ಹಾಲು ಬಿಟ್ಟು ಈ ಗಂಜಿ ಕುಡಿದ ಪ್ರತಿ ಸಲವೂ ಅದಕ್ಕೆ ಸಿಗುವ ಶಕ್ತಿ ಅರ್ಧಕ್ಕೆ ಇಳಿಯಿತು. ಹಾಲಿನ ಕೊಬ್ಬು, ಪ್ರೋಟೀನು ತಪ್ಪಿದ್ದು ಬೇರೆ. "ಊಟ ಶುರು ಮಾಡಿದ ಮೇಲೆ ತೂಕವೇ ಏರುತ್ತಿಲ್ಲ" ಎಂದು ಡಾಕ್ಟರ ಬಳಿ ಬರುವ ಎಷ್ಟೋ ಮಕ್ಕಳ ಬಟ್ಟಲಲ್ಲಿ ಇರುವುದು ಇಂಥ ಗಂಜಿಯೇ.

ಮಗುವಿನ ಹೊಟ್ಟೆಯ ಅಳತೆ ತೀರ ಚಿಕ್ಕದು. ಒಂದು ಕೆ.ಜಿ. ತೂಕಕ್ಕೆ ಸುಮಾರು 30 ಮಿ.ಲೀ. ಎಂದು ಹಿಡಿದರೆ, 8 ಕೆ.ಜಿ.ಯ ಮಗು ಒಂದು ಸಲಕ್ಕೆ 240 ಮಿ.ಲೀ.ಗಿಂತ ಹೆಚ್ಚು ತೆಗೆದುಕೊಳ್ಳಲಾರದು. ಎದೆಹಾಲು ಚೆನ್ನಾಗಿ ಕುಡಿಯುವ 6ರಿಂದ 8 ತಿಂಗಳ ಮಗುವಿಗೆ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. 9ರಿಂದ 11 ತಿಂಗಳಿಗೆ 300. ವರ್ಷ ದಾಟಿದ ಮೇಲೆ 550. ತೆಳ್ಳಗಿನ ಗಂಜಿಯಿಂದ 200 ಕ್ಯಾಲೊರಿ ತುಂಬಿಸಬೇಕಾದರೆ ಅರ್ಧ ಲೀಟರಿಗೂ ಮೇಲೆ ಕುಡಿಸಬೇಕು. ಅಷ್ಟು ಕುಡಿದ ಮಗು ಹಾಲಿಗೆ ಬಾಯಿ ತೆರೆಯುವುದಾದರೂ ಹೇಗೆ? ಗ್ರಾಂ ಒಂದಕ್ಕೆ ಕನಿಷ್ಠ 0.8 ಕ್ಯಾಲೊರಿ ಇರುವ ಊಟ ಮಾಡಬೇಕು. ಕೆಳಗೆ ಹೇಳುವ ಅಳತೆಗಳೆಲ್ಲ ಈ ಒಂದು ಅಂಕಿಯನ್ನು ಮುಂದಿಟ್ಟುಕೊಂಡೇ ಹಾಕಿದವು.

ಯಾವಾಗ ಶುರು?

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ ಹಳೆಯ ಮಾತೇ ಉಳಿದಿದೆ: 6 ತಿಂಗಳು ತುಂಬಿದ ಮೇಲೆ ಶುರು ಮಾಡಿ, ಎದೆಹಾಲನ್ನು 2 ವರ್ಷದವರೆಗೆ, ಬೇಕೆಂದರೆ ಅದರಾಚೆಗೂ ಮುಂದುವರಿಸಿ. ತಾರೀಕಿನ ಜೊತೆಗೆ ಮಗುವನ್ನೂ ನೋಡಬೇಕು. ಸ್ವಲ್ಪ ಆಸರೆ ಕೊಟ್ಟರೆ ನೆಟ್ಟಗೆ ಕೂರುತ್ತದೆಯೇ? ಕತ್ತು ನಿಂತಿದೆಯೇ? ಕಂಡದ್ದನ್ನು ಕೈಚಾಚಿ ಹಿಡಿದು ಬಾಯಿಗೆ ತರುತ್ತದೆಯೇ? ಚಮಚ ಇಟ್ಟಾಗ ನಾಲಿಗೆಯಿಂದ ಹೊರಗೆ ತಳ್ಳದೆ ಒಳಗೆ ಎಳೆದುಕೊಳ್ಳುತ್ತದೆಯೇ? ಇವಿಷ್ಟೂ ಇದ್ದರೆ ಸಿದ್ಧ.

ಮುಷ್ಟಿ ಚೀಪುವುದು, ರಾತ್ರಿ ಮತ್ತೆ ಮತ್ತೆ ಏಳುವುದು, ಪದೇ ಪದೇ ಹಾಲು ಕೇಳುವುದು ಊಟಕ್ಕೆ ಸಿದ್ಧವಾದ ಗುರುತಲ್ಲ. 4 ತಿಂಗಳಿಗೂ ಮೊದಲು ಏನೂ ಕೊಡಬಾರದು. ಹಾಗೆಂದು 7–8 ತಿಂಗಳವರೆಗೆ ತಳ್ಳುವುದೂ ತಪ್ಪು, ಅದಕ್ಕೆ ಕಾರಣ ಕಬ್ಬಿಣಾಂಶ.

ಕಬ್ಬಿಣಾಂಶದ ವಿಷಯ ಸ್ವಲ್ಪ ವಿವರವಾಗಿ

ತಾಯಿಯ ಹೊಟ್ಟೆಯಲ್ಲಿದ್ದಾಗ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಮಗು ಕಬ್ಬಿಣಾಂಶವನ್ನು ಕೂಡಿಟ್ಟುಕೊಂಡು ಬರುತ್ತದೆ. ಆ ದಾಸ್ತಾನು ಸುಮಾರು 6 ತಿಂಗಳಿಗೆ ಸಾಕು. ಎದೆಹಾಲಿನಲ್ಲಿ ಇರುವುದು ಲೀಟರಿಗೆ 0.3–0.4 ಮಿ.ಗ್ರಾಂ ಮಾತ್ರ, ಅದು ಚೆನ್ನಾಗಿ ಹೀರಿಕೆಯಾಗುತ್ತದೆ ನಿಜ, ಆದರೆ ಪ್ರಮಾಣವೇ ಕಡಿಮೆ. ಅಮೆರಿಕದ ಶಿಫಾರಸಿನ ಪ್ರಕಾರ 7ರಿಂದ 12 ತಿಂಗಳ ಮಗುವಿಗೆ ದಿನಕ್ಕೆ 11 ಮಿ.ಗ್ರಾಂ ಬೇಕು. ಅದೇ ಪಟ್ಟಿಯಲ್ಲಿ ವಯಸ್ಕ ಗಂಡಸಿಗೆ ಬರೆದಿರುವುದು 8 ಮಿ.ಗ್ರಾಂ. ಮುಷ್ಟಿಯಷ್ಟು ಹೊಟ್ಟೆಯ ಮಗುವಿಗೆ ಅಪ್ಪನಿಗಿಂತ ಹೆಚ್ಚು ಕಬ್ಬಿಣಾಂಶ ಬೇಕು! ಹೀಗಿರುವಾಗ ಮೊದಲ ಎರಡು ತಿಂಗಳು ಬರೀ ಸೇಬಿನ ಪ್ಯೂರಿ, ಗಜ್ಜರಿಯ ಪ್ಯೂರಿ ಎಂದು ಕಳೆಯುವುದು ನನ್ನ ಮಟ್ಟಿಗೆ ದುಬಾರಿ ತಡ. ಮೊದಲ ವಾರದಿಂದಲೇ ಬೇಳೆ, ಮಾಂಸ, ಮೊಟ್ಟೆ, ಕಬ್ಬಿಣಾಂಶ ಸೇರಿಸಿದ ಶಿಶು ಆಹಾರದ ಪುಡಿ, ಇವುಗಳಲ್ಲಿ ಮನೆಗೆ ಹೊಂದುವುದು ಬಟ್ಟಲಿಗೆ ಬರಲಿ.

ಮಾಂಸ, ಮೀನಿನಲ್ಲಿರುವ ಕಬ್ಬಿಣಾಂಶ ಸುಲಭವಾಗಿ ಹೀರಿಕೆಯಾಗುತ್ತದೆ. ಬೇಳೆ, ಸೊಪ್ಪು, ಧಾನ್ಯದ್ದು ಅಷ್ಟು ಸುಲಭವಲ್ಲ. ಕಾಳು–ಧಾನ್ಯಗಳಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆನೆಸುವುದು, ಮೊಳಕೆ ಕಟ್ಟುವುದು, ಹುದುಗು ಬರಿಸುವುದು ಈ ಹಿಡಿತವನ್ನು ಸಡಿಲಿಸುತ್ತವೆ. ವಿಟಮಿನ್ ಸಿ ಅದೇ ತುತ್ತಿನಲ್ಲಿ ಇದ್ದರೆ ಹೀರಿಕೆ ಇನ್ನೂ ಏರುತ್ತದೆ: ಬೇಳೆ ಬೆಂದು ಒಲೆಯಿಂದ ಇಳಿದ ಮೇಲೆ ಅರ್ಧ ಚಮಚ ನಿಂಬೆರಸ, ಇಲ್ಲವೇ ಅದೇ ಊಟದ ಕೊನೆಗೆ ನಾಲ್ಕು ಚೂರು ಕಿತ್ತಳೆ ಅಥವಾ ಪಪ್ಪಾಯಿ. ಊಟವಾದ ಎರಡು ಗಂಟೆಯ ನಂತರ ಕೊಟ್ಟ ಹಣ್ಣಿನಿಂದ ಈ ಲಾಭವಿಲ್ಲ. ಟೀ, ಕಾಫಿ ಮಗುವಿಗೆ ಒಂದು ಗುಟುಕೂ ಬೇಡ.

ಮೂಳೆ ಸೂಪಿನ ಬಗ್ಗೆ ಒಂದು ಮಾತು. ಗಂಟೆಗಟ್ಟಲೆ ಕುದಿಸಿದ ಸೂಪಿನಲ್ಲಿ ರುಚಿ ಇದೆ, ಕಬ್ಬಿಣಾಂಶ ಹೆಸರಿಗಷ್ಟೇ. ಕಬ್ಬಿಣಾಂಶ ಉಳಿದಿರುವುದು ಮಾಂಸದಲ್ಲಿ. ಸೂಪು ಮಗುವಿಗೆ, ಮಾಂಸ ದೊಡ್ಡವರಿಗೆ ಎಂದು ಹಂಚಿದರೆ ಹಂಚಿಕೆ ಉಲ್ಟಾ ಆಯಿತು.

ಅವಧಿಗೆ ಮುನ್ನ ಹುಟ್ಟಿದ ಮಕ್ಕಳು, ಕಡಿಮೆ ತೂಕದ ಮಕ್ಕಳು ತುಂಬಿದ ದಾಸ್ತಾನಿಲ್ಲದೆ ಬಂದಿರುತ್ತಾರೆ. ಅವರಿಗೆ ಊಟ ಶುರುವಾಗುವ ಮೊದಲೇ ಕಬ್ಬಿಣದ ಹನಿ ಬೇಕಾಗುತ್ತದೆ. ಪ್ರಮಾಣ ಮಕ್ಕಳ ಡಾಕ್ಟರೇ ಹೇಳಬೇಕು. ಪೂರ್ತಿ ಸಸ್ಯಾಹಾರದ ಮನೆಯಲ್ಲಿ, ಶಿಶು ಆಹಾರದ ಪುಡಿಯನ್ನೂ ಬಳಸದಿದ್ದರೆ, ಬೇಳೆ–ಸೊಪ್ಪಿನಿಂದಲೇ 11 ಮಿ.ಗ್ರಾಂ ಮುಟ್ಟುವುದು ಕಷ್ಟ. ಬೆಂದ ಬೇಳೆಯಲ್ಲಿ 100 ಗ್ರಾಂಗೆ ಸುಮಾರು 3 ಮಿ.ಗ್ರಾಂ ಇರುತ್ತದೆ, ಮಗು ತಿನ್ನುವುದು ಅದರ ಅರ್ಧವೋ ಕಾಲೋ. ಹನಿಯ ವಿಷಯ ಡಾಕ್ಟರ ಹತ್ತಿರ ಎತ್ತಿ. ತಾಯಿ ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ತಿನ್ನದವರಾದರೆ ಬಿ12 ಬಗ್ಗೆಯೂ ಅದೇ ದಿನ ಕೇಳಿ. ಹಾಲೂಡಿಸುವ ತಾಯಿಯಲ್ಲಿ ಬಿ12 ಕೊರತೆ ಇದ್ದರೆ ಮಗುವಿಗೂ ಬರುತ್ತದೆ, ಮೆದುಳಿನ ಬೆಳವಣಿಗೆಗೆ ಅದು ಪೆಟ್ಟು.

ಗಂಜಿಯನ್ನು ಸರಿಯಾಗಿ ಮಾಡುವುದು

ಗಂಜಿಯೇ ಬೇಡವೆಂದಲ್ಲ. ಎರಡೂವರೆ ಟೇಬಲ್ ಚಮಚ, ಅಂದರೆ ಸುಮಾರು 20 ಗ್ರಾಂ ಹಿಟ್ಟನ್ನು ಮೊದಲು 50 ಮಿ.ಲೀ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಇನ್ನು 100 ಮಿ.ಲೀ. ನೀರು ಕುದಿಯುತ್ತಿರುವಾಗ ಅದನ್ನು ಸುರಿದು, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ 8–10 ನಿಮಿಷ ಬೇಯಿಸಿ. ಇಳಿಸಿದ ಮೇಲೆ ಒಂದು ಟೀ ಚಮಚ ಎಣ್ಣೆ ಅಥವಾ ಬೆಣ್ಣೆ ಬೆರೆಸಿ. ಹಿಟ್ಟಿನಿಂದ 70, ಎಣ್ಣೆಯಿಂದ 40, ಒಟ್ಟು 110 ಕ್ಯಾಲೊರಿ ಸುಮಾರು 125 ಗ್ರಾಂ ಗಂಜಿಯಲ್ಲಿ ಬಂತು. ಗ್ರಾಂಗೆ 0.9 ಹತ್ತಿರ. ಹಿಟ್ಟನ್ನು ನೇರ ಬಿಸಿನೀರಿಗೆ ಸುರಿದರೆ ಗಂಟು ಕಟ್ಟುವುದು ಗ್ಯಾರಂಟಿ: ಹೊರಗಿನ ಹಿಟ್ಟು ತಕ್ಷಣ ಬೆಂದು ಗೋಡೆಯಾಗುತ್ತದೆ, ಒಳಗೆ ಒಣ ಹಿಟ್ಟು ಹಾಗೇ ಉಳಿಯುತ್ತದೆ. ಬೇಗ ಇಳಿಸಿದರೆ ಹಸಿ ವಾಸನೆ; ಬೇಯದ ಪಿಷ್ಟದಿಂದ ಹೊಟ್ಟೆಯುಬ್ಬರವೂ ಆಗುತ್ತದೆ.

ತಣಿದಂತೆ ಗಂಜಿ ಬಿಗಿಯುತ್ತದೆ. ಒಲೆಯ ಮೇಲೆ ಸರಿಯಾಗಿ ಕಂಡದ್ದು ತಿನ್ನಿಸುವ ಹೊತ್ತಿಗೆ ಮುದ್ದೆಯಾಗಿರುತ್ತದೆ. ಆಗ ನೀರು ಹಾಕಿ ತೆಳು ಮಾಡುವುದೇ ಎಲ್ಲರೂ ಮಾಡುವ ತಪ್ಪು. ಎದೆಹಾಲನ್ನೋ ಮಗು ಕುಡಿಯುವ ಫಾರ್ಮುಲಾ ಹಾಲನ್ನೋ ಎರಡು ಚಮಚ ಹಾಕಿ ಕಲಸಿ. ಎದೆಹಾಲಿನಲ್ಲಿ ಪಿಷ್ಟ ಒಡೆಯುವ ಕಿಣ್ವವೂ ಇರುವುದರಿಂದ ಕಲಸಿಟ್ಟ ಗಂಜಿ ಹತ್ತು ನಿಮಿಷದಲ್ಲಿ ಇನ್ನಷ್ಟು ಸಡಿಲವಾಗುತ್ತದೆ. ನೀರು ನೀರಾಯಿತಲ್ಲ, ಕೆಟ್ಟಿತೇನೋ ಎಂದು ಚೆಲ್ಲಬೇಡಿ.

ಅದೇ ಕಿಣ್ವ ಮೊಳಕೆ ಕಾಳಿನಲ್ಲೂ ಇದೆ, ಇದು ಬಲು ಉಪಯೋಗದ ಉಪಾಯ. ಗೋಧಿ ಅಥವಾ ಬಾರ್ಲಿಯಂಥ ಧಾನ್ಯವನ್ನು 12 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ 24ರಿಂದ 48 ಗಂಟೆ ಇಡಿ. ಮೊಳಕೆ ಅರ್ಧ ಸೆಂಟಿಮೀಟರ್ ಬಂದಾಗ ಹರಡಿ ಗರಿಗರಿಯಾಗುವಂತೆ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹಿಟ್ಟು ಮಾಡಿ. ಬಾಣಲೆಯಲ್ಲಿ ಕೆಂಪಗೆ ಹುರಿದರೆ ಪರಿಮಳ ಬರುತ್ತದೆ, ಆದರೆ ಕಿಣ್ವ ಸಾಯುತ್ತದೆ. ಆಮೇಲೆ ಅದು ಬರೀ ಹಿಟ್ಟು. ಬಳಸುವ ವಿಧಾನ ಹೀಗೆ: 25 ಗ್ರಾಂ ಹಿಟ್ಟಿನಿಂದ ಚಮಚ ನಿಲ್ಲುವಷ್ಟು ಗಟ್ಟಿ ಗಂಜಿ ಮಾಡಿ. ಕುದಿ ನಿಂತು, ಬೆರಳು ಸೋಕಿಸಬಹುದು ಆದರೆ ಇಟ್ಟುಕೊಳ್ಳಲಾಗದು ಎನ್ನುವಷ್ಟು ಬಿಸಿ ಇರುವಾಗ ಅರ್ಧ ಟೀ ಚಮಚ ಮೊಳಕೆ ಹಿಟ್ಟು ಬೆರೆಸಿ, ಐದಾರು ನಿಮಿಷ ಬಿಡಿ. ಮುದ್ದೆಯಂತಿದ್ದದ್ದು ಕಣ್ಣೆದುರೇ ಕರಗಿ ಚಮಚದಿಂದ ಇಳಿಯತೊಡಗುತ್ತದೆ. ಒಂದು ಹನಿ ನೀರೂ ಸೇರಿಲ್ಲ, ಒಂದು ಕ್ಯಾಲೊರಿಯೂ ಕಳೆದಿಲ್ಲ. ಕೊನೆಗೆ ಮತ್ತೆ ಎರಡು–ಮೂರು ನಿಮಿಷ ಕುದಿಸಲೇಬೇಕು: ಒದ್ದೆ ಬಟ್ಟೆಯಲ್ಲಿ ಎರಡು ದಿನ ಇದ್ದ ಕಾಳಿನಲ್ಲಿ ಮೊಳಕೆಯ ಜೊತೆ ಬ್ಯಾಕ್ಟೀರಿಯಾವೂ ಬೆಳೆದಿರುತ್ತದೆ. ಕುದಿಯುತ್ತಿರುವಾಗಲೇ ಮೊಳಕೆ ಹಿಟ್ಟು ಹಾಕಿದರೆ ಗಂಜಿ ಸಡಿಲವಾಗುವುದಿಲ್ಲ, ಕಿಣ್ವ ಆ ಬಿಸಿಗೆ ತಡೆಯದು. ಮುಗ್ಗುಲು ವಾಸನೆ ಬಂದ ಕಾಳನ್ನು ಯೋಚಿಸದೆ ಎಸೆಯಿರಿ. ಜೋಳವನ್ನು ಮಾತ್ರ ಈ ಕೆಲಸಕ್ಕೆ ಬಳಸಬೇಡಿ. ಅದರ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶವಿದೆ.

ಅಕ್ಕಿಯ ವಿಷಯದಲ್ಲಿ ಇನ್ನೊಂದು ಎಚ್ಚರ. ಭತ್ತದ ಗಿಡ ಮಣ್ಣು–ನೀರಿನಲ್ಲಿರುವ ಆರ್ಸೆನಿಕ್ ಎಂಬ ವಿಷವನ್ನು ಉಳಿದ ಧಾನ್ಯಗಳಿಗಿಂತ ಹೆಚ್ಚು ಎಳೆದುಕೊಳ್ಳುತ್ತದೆ. ಶಿಶುಗಳ ಅಕ್ಕಿ ಪುಡಿಗೆ ಅಮೆರಿಕದ ಆಹಾರ ನಿಯಂತ್ರಣ ಇಲಾಖೆ 2020ರಲ್ಲಿ ಕೆ.ಜಿ.ಗೆ 0.1 ಮಿ.ಗ್ರಾಂ ಎಂಬ ಮಿತಿ ಹಾಕಿತು. ಅಕ್ಕಿ ಬಿಡಬೇಕಿಲ್ಲ. ಮೂರು ಹೊತ್ತೂ ಅಕ್ಕಿಯೇ ಆಗದಿರಲಿ, ಓಟ್ಸ್, ಗೋಧಿ, ಸಿರಿಧಾನ್ಯ ತಿರುಗಿಸಿ ಕೊಡಿ. ಅನ್ನವನ್ನು ಧಾರಾಳ ನೀರಿನಲ್ಲಿ ಬೇಯಿಸಿ ಬಸಿದರೆ ಆರ್ಸೆನಿಕ್ ಇನ್ನಷ್ಟು ಇಳಿಯುತ್ತದೆ.

ಒಂದು ಪಾತ್ರೆಯ ಪೂರ್ತಿ ಊಟ

ಕೈಗೆ ಬೇಗ ಹತ್ತುವ ಒಂದು ಅಳತೆ: ಅಕ್ಕಿ 2 ಟೇಬಲ್ ಚಮಚ, ಬೇಗ ಬೇಯುವ ಬೇಳೆ 1 ಟೇಬಲ್ ಚಮಚ. ಎರಡನ್ನೂ ತೊಳೆದು ಅರ್ಧ ಗಂಟೆ ನೆನೆಸಿ. ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿದ 30 ಗ್ರಾಂ ಗಜ್ಜರಿ ಅಥವಾ ಸಿಹಿಗುಂಬಳ ಸೇರಿಸಿ, 350 ಮಿ.ಲೀ. ನೀರು ಹಾಕಿ, ಮುಚ್ಚಳ ಓರೆಯಿಟ್ಟು 25–30 ನಿಮಿಷ ಬೇಯಿಸಿ. ಸೊಪ್ಪು ಹಾಕುವುದಿದ್ದರೆ ಎಳೆಯ ಎಲೆ ನಾಲ್ಕಾರು, ಸಣ್ಣಗೆ ಹೆಚ್ಚಿ, ಕೊನೆಯ 3–4 ನಿಮಿಷಕ್ಕೆ. ಬೇಳೆಯನ್ನು ಎರಡು ಬೆರಳ ನಡುವೆ ಒತ್ತಿದರೆ ನಡುವಿನ ಗಟ್ಟಿ ಕಣ ಸಿಗಬಾರದು. ಮಸೆದು, ಎಣ್ಣೆ ಒಂದು ಟೀ ಚಮಚ, ನಿಂಬೆರಸ ನಾಲ್ಕು ಹನಿ. ಉಪ್ಪಿಲ್ಲ. ಸುಮಾರು 220 ಗ್ರಾಂ ಬರುತ್ತದೆ, 190 ಕ್ಯಾಲೊರಿ. 7 ತಿಂಗಳ ಮಗುವಿನ ಒಂದು ದಿನದ ಊಟ ಹೆಚ್ಚುಕಡಿಮೆ ಇಷ್ಟೇ, ಎರಡು–ಮೂರು ಸಲಕ್ಕೆ ಹಂಚಿ. ಪ್ರೋಟೀನು ಕಟ್ಟುವ ಅಂಶಗಳಲ್ಲಿ, ಧಾನ್ಯದಲ್ಲಿ ಕಡಿಮೆಯಿರುವ ಲೈಸೀನ್ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನೀನ್ ಧಾನ್ಯದಲ್ಲಿದೆ. ಎರಡೂ ಸೇರಿದಾಗ ಪ್ರೋಟೀನು ಪೂರ್ತಿ. ಎಣ್ಣೆ ಇಲ್ಲಿ ಬರೀ ಶಕ್ತಿಗಲ್ಲ: ಗಜ್ಜರಿ, ಕುಂಬಳದ ಕಿತ್ತಳೆ ಬಣ್ಣದಲ್ಲಿರುವ ವಿಟಮಿನ್ ಎ ಅಂಶ ಕೊಬ್ಬಿಲ್ಲದೆ ಹೀರಿಕೆಯಾಗದು.

ಮಾಂಸ ಮಾಡುವಾಗ ಹೆಚ್ಚಿನವರು ಸೋಲುವುದು ರುಚಿಯಲ್ಲಿ ಅಲ್ಲ, ಮರಳು ಮರಳಾದ ಕಣದಲ್ಲಿ. 50 ಗ್ರಾಂ ಎಳೆಯ ಮಾಂಸವನ್ನು ಪೂರ್ತಿ ಮೆತ್ತಗಾಗುವವರೆಗೆ ಬೇಯಿಸಿ, ಬಿಸಿ ಇರುವಾಗಲೇ, ಬೆಂದ ನೀರು ಎರಡು–ಮೂರು ಟೇಬಲ್ ಚಮಚ ಸೇರಿಸಿ ರುಬ್ಬಿ. ತಣಿದ ಮೇಲೆ ಒಣಗಿದ್ದನ್ನು ರುಬ್ಬಿದರೆ ನಾರು ಪುಡಿಪುಡಿಯಾಗಿ ಮಗು ಉಗಿಯುತ್ತದೆ. ರುಬ್ಬಿದ್ದನ್ನು ಮಸೆದ ಆಲೂಗಡ್ಡೆಗೋ ಗೆಣಸಿಗೋ ಬೆರೆಸಿದರೆ ನುಂಗಲು ಸುಲಭ. ಆಲೂಗಡ್ಡೆಯನ್ನು ಮಾತ್ರ ಮಿಕ್ಸಿಗೆ ಹಾಕಬೇಡಿ: ಬ್ಲೇಡಿನ ಹೊಡೆತಕ್ಕೆ ಪಿಷ್ಟದ ಕಣ ಒಡೆದು ಅಂಟಿನಂತೆ ಎಳೆಯುತ್ತದೆ. ಕೈಯಲ್ಲೋ ಫೋರ್ಕಿನಲ್ಲೋ ಮಸೆಯಿರಿ. ಲಿವರ್ ಕಬ್ಬಿಣಾಂಶದ ಗಣಿ. ವಿಟಮಿನ್ ಎ ಕೂಡ ವಿಪರೀತ ಇರುವುದರಿಂದ ವಾರಕ್ಕೆ ಒಂದು ಸಲ, ಒಂದೆರಡು ಚಮಚ ಸಾಕು. ಮೀನಿನ ಮುಳ್ಳನ್ನು ಕಣ್ಣಲ್ಲಿ ನೋಡಿ ತೆಗೆದರೆ ಸಾಲದು, ಬೆರಳಲ್ಲಿ ಹಿಸುಕಿ ಹುಡುಕಬೇಕು. ಶಾರ್ಕ್, ಕತ್ತಿಮೀನಿನಂಥ ದೊಡ್ಡ ಬೇಟೆ ಮೀನುಗಳಲ್ಲಿ ಪಾದರಸ ಹೆಚ್ಚು, ಅವು ಬೇಡ.

ಮೊಟ್ಟೆಯನ್ನು 10–12 ನಿಮಿಷ ಬೇಯಿಸಿ. ಬರೀ ಹಳದಿ ಒಣಗಿ ಗಂಟಲಿಗೆ ಅಂಟುತ್ತದೆ, ಹಾಲು ಸೇರಿಸಿ ಕಲಸಿ. ಬಿಳಿಭಾಗವನ್ನು ವರ್ಷದವರೆಗೆ ತಡೆಹಿಡಿಯಬೇಕೆಂಬ ಮಾತಿಗೆ ಈಗ ಆಧಾರವಿಲ್ಲ.

ಅಲರ್ಜಿ: ತಡ ಮಾಡುವುದರಿಂದ ತಪ್ಪುವುದಿಲ್ಲ

2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಅಲರ್ಜಿಯ ಅಪಾಯವಿರುವ ಮಕ್ಕಳಿಗೆ 3 ವರ್ಷದವರೆಗೆ ಕಡಲೆಕಾಯಿ ಬೇಡ ಎಂದಿತ್ತು. 2008ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. 2015ರಲ್ಲಿ ಬ್ರಿಟನ್ನಿನ ಲೀಪ್ ಅಧ್ಯಯನ ಹೊರಬಂತು: ತೀವ್ರ ಎಕ್ಸಿಮಾ (ತುರಿಕೆಯ ಚರ್ಮರೋಗ) ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳಲ್ಲಿ ಅರ್ಧದಷ್ಟು ಮಕ್ಕಳಿಗೆ ಕಡಲೆಕಾಯಿ ಅಂಶವಿರುವ ಆಹಾರವನ್ನು ನಿಯಮಿತವಾಗಿ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. 5ನೇ ವರ್ಷಕ್ಕೆ, ತಿಂದವರಲ್ಲಿ ಅಲರ್ಜಿ ಶೇ. 80ರಷ್ಟು ಕಡಿಮೆ. ಸಲಹೆ ತಲೆಕೆಳಗಾದದ್ದು ಹೀಗೆ.

ಕೊಡುವ ಕ್ರಮ: ಎರಡು ಟೀ ಚಮಚ ನುಣ್ಣನೆಯ ಪೀನಟ್ ಬಟರಿಗೆ ಎರಡು–ಮೂರು ಟೀ ಚಮಚ ಬಿಸಿನೀರು ಹಾಕಿ ಸಡಿಲ ಮಾಡಿ ಆರಿಸಿ. ಮಗು ಆರೋಗ್ಯವಾಗಿರುವ ದಿನ, ಬೆಳಗಿನ ಹೊತ್ತು, ಚಮಚದ ತುದಿಯಷ್ಟು ಕೊಟ್ಟು 10 ನಿಮಿಷ ನೋಡಿ. ಏನೂ ಆಗದಿದ್ದರೆ ಉಳಿದದ್ದನ್ನು ನಿಧಾನಕ್ಕೆ ಕೊಟ್ಟು, ಎರಡು ಗಂಟೆ ಕಣ್ಣಿಟ್ಟಿರಿ. ಒಗ್ಗಿದ ಮೇಲೆ ವಾರಕ್ಕೆ ಎರಡು–ಮೂರು ಸಲ ಮುಂದುವರಿಸಬೇಕು. ಒಮ್ಮೆ ಕೊಟ್ಟು ತಿಂಗಳುಗಟ್ಟಲೆ ಬಿಟ್ಟರೆ ಮಾಡಿದ್ದು ವ್ಯರ್ಥ. ಮೊಟ್ಟೆ, ಗೋಧಿ, ಮೀನು, ಎಳ್ಳು, ಮೊಸರಿಗೂ ಇದೇ ದಾರಿ, ಒಂದು ದಿನಕ್ಕೆ ಒಂದು ಹೊಸದು. ಅಲರ್ಜಿ ತರುವ ಗುಂಪಿಗೆ ಸೇರದ ತರಕಾರಿ, ಹಣ್ಣುಗಳಿಗೆ ಒಂದೊಂದಕ್ಕೂ ಮೂರು–ನಾಲ್ಕು ದಿನ ಕಾಯುತ್ತ ಕೂತರೆ ತಿಂಗಳು ಕಳೆದರೂ ತಟ್ಟೆ ಖಾಲಿಯೇ. ತೀವ್ರ ಎಕ್ಸಿಮಾ ಇರುವ, ಈಗಾಗಲೇ ಮೊಟ್ಟೆಗೆ ಅಲರ್ಜಿ ತೋರಿಸಿದ ಮಗುವಾದರೆ ಕಡಲೆಕಾಯಿಯನ್ನು ಮನೆಯಲ್ಲಿ ಕೊಡುವ ಮೊದಲು ಡಾಕ್ಟರನ್ನು ಕಾಣಿ.

ಟೊಮೇಟೊ, ಹುಳಿ ಹಣ್ಣು ತಿಂದಾಗ ಬಾಯಿಯ ಸುತ್ತ ಮಾತ್ರ ಕೆಂಪಾಗಿ ಅರ್ಧ ಗಂಟೆಯಲ್ಲಿ ಇಳಿದರೆ ಅದು ಸಾಮಾನ್ಯವಾಗಿ ಚರ್ಮದ ಉರಿ, ಅಲರ್ಜಿಯಲ್ಲ. ಮೈತುಂಬ ದದ್ದು, ತುಟಿ–ಕಣ್ಣು ಊದುವುದು, ಮತ್ತೆ ಮತ್ತೆ ವಾಂತಿ, ದನಿ ಒಡೆಯುವುದು, ಉಸಿರಾಟದಲ್ಲಿ ಸದ್ದು, ಮಗು ಬಾಡುವುದು ಕಂಡರೆ ತಕ್ಷಣ ಆಸ್ಪತ್ರೆ. ಇನ್ನೊಂದು ಬಗೆ ಅಷ್ಟು ಗೊತ್ತಿಲ್ಲದ್ದು: ತಿಂದ 1ರಿಂದ 4 ಗಂಟೆಯ ನಂತರ ಒಂದೇ ಸಮನೆ ವಾಂತಿ, ಬಿಳುಚಿದ ಮುಖ, ಜೋಲುವ ಕೈಕಾಲು, ದದ್ದು ಇಲ್ಲವೇ ಇಲ್ಲ. ಅಕ್ಕಿ, ಓಟ್ಸ್, ಹಾಲಿಗೂ ಹೀಗಾಗಬಹುದು. ಹೊಟ್ಟೆ ಸೋಂಕು ಎಂದು ತಪ್ಪು ತಿಳಿದು ಗುಣವಾದ ಮೇಲೆ ಅದನ್ನೇ ಮತ್ತೆ ಕೊಡುವುದುಂಟು. ಏನು ತಿಂದಿತ್ತು, ಎಷ್ಟು ಹೊತ್ತಿಗೆ ವಾಂತಿಯಾಯಿತು ಬರೆದಿಟ್ಟುಕೊಳ್ಳಿ.

ಎಷ್ಟು, ಎಷ್ಟು ಸಲ, ಎಷ್ಟು ದಪ್ಪ

ಮೊದಲ ದಿನ ಒಂದೆರಡು ಟೀ ಚಮಚ, ಅಷ್ಟೇ. ತೀರ ಹಸಿದ ಮಗು ಚಮಚ ಕಂಡರೆ ಅಳುತ್ತದೆ, ಹೊಟ್ಟೆ ತುಂಬಿದ್ದು ಮುಖ ತಿರುಗಿಸುತ್ತದೆ. ಸ್ವಲ್ಪ ಹಾಲು ಕುಡಿಸಿ ಕೂರಿಸಿ. ಚಮಚವನ್ನು ಮಟ್ಟಸವಾಗಿ ಕೆಳತುಟಿಯ ಮೇಲಿಟ್ಟು ಕಾಯಿರಿ, ಮಗುವೇ ಮುಂದೆ ಬಂದು ಬಾಯಿ ಮುಚ್ಚಲಿ. ಮೇಲ್ತುಟಿಗೆ ಒರೆಸಿ ಸುರಿಯುವ ಅಭ್ಯಾಸದಿಂದ ಮಗು ತುಟಿ ಬಳಸುವುದನ್ನೇ ಕಲಿಯದು. ಮೊದಲ ದಿನಗಳಲ್ಲಿ ನಾಲಿಗೆ ಅರ್ಧವನ್ನು ಹೊರಗೆ ತಳ್ಳುವುದು ಸಹಜ, ಇಷ್ಟವಿಲ್ಲ ಎಂದಲ್ಲ. ಎಲ್ಲವನ್ನೂ ತಳ್ಳುತ್ತಿದ್ದರೆ ಒಂದು ವಾರ ಬಿಟ್ಟು ನೋಡಿ.

ದಿನಕ್ಕೆ 2–3 ಸಲ, ಒಂದು ಸಲಕ್ಕೆ 2–3 ಟೇಬಲ್ ಚಮಚದಿಂದ ಏರಿಸುತ್ತ 8 ತಿಂಗಳ ಹೊತ್ತಿಗೆ 125 ಮಿ.ಲೀ.; 9 ತಿಂಗಳಿಂದ 3–4 ಸಲ; ವರ್ಷವಾದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು, ನಡುವೆ ಒಂದೆರಡು ಸಲ ತಿಂಡಿ. ಇವು ಸರಾಸರಿ. ಮಗು ತಲೆ ತಿರುಗಿಸಿತು, ತುಟಿ ಬಿಗಿಯಿತು, ಚಮಚ ತಳ್ಳಿತು ಎಂದರೆ ಊಟ ಮುಗಿಯಿತು. ಮೊಬೈಲ್ ತೋರಿಸಿ ಇನ್ನೆರಡು ತುತ್ತು ತುರುಕಿದರೆ ಹೊಟ್ಟೆ ತುಂಬಿದ್ದು ತಿಳಿಯುವ ಅದರ ಸೂಚನೆಯನ್ನೇ ಕೆಡಿಸಿದಂತೆ. ಹೊಸ ರುಚಿಯನ್ನು ಒಪ್ಪಲು 8–10 ಸಲ ಬೇಕಾಗಬಹುದು. ಮೂರನೇ ಸಲಕ್ಕೆ "ನಮ್ಮ ಮಗುವಿಗೆ ಬೀನ್ಸ್ ಆಗದು" ಎಂದು ತೀರ್ಪು ಕೊಡಬೇಡಿ.

ಮಿಕ್ಸಿಯನ್ನು ಬೇಗ ಒಳಗಿಡಿ. 6ನೇ ತಿಂಗಳು ನುಣ್ಣಗೆ, ಆದರೆ ಚಮಚ ವಾಲಿಸಿದರೆ ಗುಪ್ಪೆಯಾಗಿ ಬೀಳಬೇಕು, ಹರಿಯಬಾರದು. 7–8ಕ್ಕೆ ಫೋರ್ಕಿನಲ್ಲಿ ಮಸೆದದ್ದು, ಜೊತೆಗೆ ಕೈಯಲ್ಲಿ ಹಿಡಿಯಲು ಮೆತ್ತಗೆ ಬೆಂದ, ಬೆರಳುದ್ದದ ತರಕಾರಿ. 9ರಿಂದ ಸಣ್ಣ ಚೂರು, ವರ್ಷಕ್ಕೆ ಮನೆಯವರ ಊಟ. 10 ತಿಂಗಳು ದಾಟಿದರೂ ಬರೀ ನುಣ್ಣನೆಯದೇ ತಿಂದ ಮಕ್ಕಳಲ್ಲಿ ಮುಂದೆ ಊಟದ ತಕರಾರು ಹೆಚ್ಚು. ಹಲ್ಲು ಬರಲೆಂದು ಕಾಯಬೇಕಿಲ್ಲ: ಹೆಬ್ಬೆರಳು–ತೋರುಬೆರಳ ನಡುವೆ ಹಿಸುಕಿದರೆ ಜಜ್ಜಿಹೋಗುವುದನ್ನು ವಸಡೂ ಜಜ್ಜುತ್ತದೆ.

ಚೂರು ಕೊಟ್ಟಾಗ ಓಕರಿಕೆ ಬರುತ್ತದೆ. ಈ ವಯಸ್ಸಿನಲ್ಲಿ ಓಕರಿಸುವ ಜಾಗ ನಾಲಿಗೆಯ ಮುಂಭಾಗದಲ್ಲೇ ಇರುವುದರಿಂದ ಸಣ್ಣದಕ್ಕೂ ಮಗು ಕೆಮ್ಮಿ, ಕೆಂಪಾಗಿ, ಸದ್ದು ಮಾಡಿ ಹೊರಹಾಕುತ್ತದೆ. ಬೆರಳು ಹಾಕಬೇಡಿ, ಚೂರು ಇನ್ನೂ ಒಳಗೆ ಹೋಗುತ್ತದೆ. ನಿಜವಾಗಿ ಸಿಕ್ಕಿಕೊಂಡಾಗ ಸದ್ದು ಇರುವುದೇ ಇಲ್ಲ: ಅಳು ಬಾರದು, ಕೆಮ್ಮು ಬಾರದು, ತುಟಿ ನೀಲಿ. ಆಗ ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಬರುವಂತೆ ಹಿಡಿದು, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಪೆಟ್ಟು. ತಿರುಗಿಸಿ, ಎದೆಯ ನಡುವೆ 5 ಒತ್ತು. ಹೊರಬರುವವರೆಗೆ ಇದೇ ಸರದಿ. ಇನ್ನೊಬ್ಬರು ಆಂಬುಲೆನ್ಸಿಗೆ ಫೋನ್ ಮಾಡಲಿ. ಮಗು ಪ್ರಜ್ಞೆ ತಪ್ಪಿದರೆ ತಡಮಾಡದೆ ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡುವ ಪ್ರಥಮ ಚಿಕಿತ್ಸೆ) ಶುರು ಮಾಡಬೇಕು. ಊಟ ಶುರು ಮಾಡುವ ಮೊದಲೇ ಇವೆರಡನ್ನೂ ಕಲಿಸಿಕೊಡುವವರಿಂದ ಕೈಯಾರೆ ಕಲಿತಿಡಿ. ಇಡೀ ದ್ರಾಕ್ಷಿ, ಇಡೀ ಕಡಲೆಬೀಜ ಮತ್ತು ಬಾದಾಮಿ, ಪಾಪ್‌ಕಾರ್ನ್, ಹಸಿ ಗಜ್ಜರಿ, ಹಸಿ ಸೇಬಿನ ತುಂಡು ಬೇಡ. ದ್ರಾಕ್ಷಿಯನ್ನು ಉದ್ದುದ್ದ ನಾಲ್ಕು ಸೀಳಿ. ಅಡ್ಡ ಕತ್ತರಿಸಿದರೆ ಬಿಲ್ಲೆ ಶ್ವಾಸನಾಳಕ್ಕೆ ಸರಿಯಾಗಿ ಮುಚ್ಚಳ ಹಾಕಿದಂತೆ ಕೂರುತ್ತದೆ.

ಬೇಡದ್ದು ಇನ್ನು ನಾಲ್ಕು. ವರ್ಷ ತುಂಬುವವರೆಗೆ ಜೇನುತುಪ್ಪ ನಾಲಿಗೆಗೂ ಸೋಕಬಾರದು: ಅದರಲ್ಲಿ ಬೊಟುಲಿಸಮ್ ಎಂಬ ನರ–ಸ್ನಾಯುಗಳ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಗಳಿರಬಹುದು, ಮನೆಯ ಒಲೆಯ ಕುದಿಗೆ ಅವು ಸಾಯವು. ಹಸುವಿನ ಹಾಲು ಮೊಸರಾಗಿ, ಅಡುಗೆಯಲ್ಲಿ ಸರಿ. ವರ್ಷದೊಳಗೆ ಎದೆಹಾಲಿನ ಬದಲಿಗೆ ಬಾಟಲಿ ಬಾಟಲಿ ಕುಡಿಸಿದರೆ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರಿ ರಕ್ತಹೀನತೆ ಬರುತ್ತದೆ. ಉಪ್ಪು ದಿನಕ್ಕೆ ಒಂದು ಗ್ರಾಂ ದಾಟಬಾರದು, ಹಾಲು ಮತ್ತು ಆಹಾರದಲ್ಲಿ ಸಹಜವಾಗಿರುವುದೇ ಸಾಕು. ಸಕ್ಕರೆ, ಬೆಲ್ಲ, ಜ್ಯೂಸ್ ಬೇಡ.

ಇಡುವುದು, ಬಿಸಿ ಮಾಡುವುದು

ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ. ಮಗುವಿಗೆ ಬೇಕಾದಷ್ಟನ್ನು ಬೇರೆ ಬಟ್ಟಲಿಗೆ ಹಾಕಿ ತಿನ್ನಿಸಿ. ಜೊಲ್ಲು ಸೋಕಿದ ಚಮಚ ಹೋದ ಬಟ್ಟಲಿನ ಉಳಿಕೆ ಎಸೆಯಬೇಕು. ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ಒಂದು ತಿಂಗಳು ಚೆನ್ನಾಗಿರುತ್ತದೆ, ಫ್ರಿಜ್ಜಿನ ಕೆಳಭಾಗದಲ್ಲಿ ಒಂದೆರಡು ದಿನ. ಬಿಸಿ ಮಾಡಿದರೆ ಹಬೆಯಾಡುವಷ್ಟು, ಒಂದೇ ಸಲ. ಮೈಕ್ರೋವೇವಿನಲ್ಲಿ ನಡುವೆ ತಣ್ಣಗಿದ್ದು ಅಂಚು ಸುಡುತ್ತಿರುತ್ತದೆ, ಕಲಸಿ ಮುಟ್ಟಿ ನೋಡದೆ ಕೊಡಬೇಡಿ. ಪಾಲಕ್, ಬೀಟ್‌ರೂಟಿನ ಪ್ಯೂರಿಯನ್ನು ಹೊರಗಿಟ್ಟರೆ ಅದರ ನೈಟ್ರೇಟು ಮಗುವಿಗೆ ಕೆಡುಕಾದ ನೈಟ್ರೈಟ್ ಆಗುತ್ತದೆ. ಅವನ್ನು ಮಾಡಿದ ಕೂಡಲೇ ಕೊಟ್ಟು ಮುಗಿಸಿ.

ಡೈಪರಿನಲ್ಲಿ ಕಾಣುವುದು

ಊಟ ಶುರುವಾದ ಮೇಲೆ ಮಲದ ಬಣ್ಣ, ವಾಸನೆ ಎರಡೂ ಬದಲಾಗುತ್ತವೆ. ಬಾಳೆಹಣ್ಣು ತಿಂದ ಮರುದಿನ ಸಣ್ಣ ಕಪ್ಪು ದಾರಗಳು ಕಂಡರೆ ಹುಳವಲ್ಲ, ಹಣ್ಣಿನ ನಡುವಿನ ನಾರು. ಬೀಟ್‌ರೂಟ್ ಕೆಂಪಾಗಿಸುತ್ತದೆ, ಕಬ್ಬಿಣದ ಹನಿ ಕಪ್ಪಾಗಿಸುತ್ತದೆ, ಬಟಾಣಿ ಸಿಪ್ಪೆ ಹಾಗೇ ಬರುತ್ತದೆ. ದಿನವೂ ಗಜ್ಜರಿ, ಕುಂಬಳ ತಿನ್ನುವ ಮಗುವಿನ ಮೂಗಿನ ತುದಿ, ಅಂಗೈ ಹಳದಿಯಾಗಬಹುದು. ಕಣ್ಣಿನ ಬಿಳಿ ಬಿಳಿಯಾಗಿಯೇ ಇದ್ದರೆ ಕಾಮಾಲೆಯಲ್ಲ, ತರಕಾರಿ ಬದಲಾಯಿಸಿದರೆ ಕೆಲವು ವಾರಗಳಲ್ಲಿ ಇಳಿಯುತ್ತದೆ.

ಮಲ ಗಟ್ಟಿಯಾದರೆ ಸರಿಯಾಗಿ ಹಣ್ಣಾಗದ ಬಾಳೆಯನ್ನು, ಅಕ್ಕಿಯನ್ನು ಒಂದೆರಡು ದಿನ ಕಡಿಮೆ ಮಾಡಿ, ಪೇರ್ ಹಣ್ಣು ಅಥವಾ ನೆನೆಸಿದ ಒಣ ಪ್ಲಮ್ ಮಸೆದು ಎರಡು ಚಮಚ ಕೊಡಿ. ಊಟದ ಜೊತೆ ಲೋಟದಲ್ಲಿ ಗುಟುಕು ಗುಟುಕು ನೀರು, ದಿನಕ್ಕೆ 120ರಿಂದ 240 ಮಿ.ಲೀ. ದಾಟದಂತೆ. ಜ್ವರ, ಭೇದಿ ಬಂದಾಗ ಮಗು ಊಟ ಬಿಟ್ಟರೂ ಹಾಲು ಹೆಚ್ಚು ಸಲ ಕೊಡಿ. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ. ಮಲದಲ್ಲಿ ರಕ್ತ, ಸುಣ್ಣದಂಥ ಬಿಳಿ ಬಣ್ಣ, ದಿನಕ್ಕೆ ನಾಲ್ಕಕ್ಕಿಂತ ಕಡಿಮೆ ಸಲ ಡೈಪರ್ ಒದ್ದೆಯಾಗುವುದು, ಎರಡು ತಿಂಗಳಿಂದ ತೂಕದ ಗೆರೆ ನಿಂತಲ್ಲೇ ನಿಂತಿರುವುದು, ಇವುಗಳಲ್ಲಿ ಒಂದು ಕಂಡರೂ ಡಾಕ್ಟರ ಬಳಿ ಹೋಗಿ. ಹೋಗುವಾಗ ಹಿಂದಿನ ಮೂರು ದಿನ ಮಗು ಏನು ತಿಂದಿತ್ತು ಎಂಬ ಚೀಟಿ ಜೊತೆಗಿರಲಿ.